ಟಿಡಿಎಸ್ ಪೆನ್ ಹಿಡಿದು ನದಿಯಡಿಯ ಗುಹೆ ಹುಡುಕಿದ್ದು

ಫ್ಲೋರಿಡಾದ ಸುವಾನೀ ನದಿಯಲ್ಲಿ ಹೊಸ ಗುಹೆ ಇನ್ನೇನೂ ಉಳಿದಿಲ್ಲ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಐವತ್ತಕ್ಕೂ ಹೆಚ್ಚು ವರ್ಷದಿಂದ ಇಲ್ಲಿ ಡೈವರ್‌ಗಳು ಮುಳುಗಿ ಏಳುತ್ತಿದ್ದಾರೆ. ಗುಹೆ ಡೈವಿಂಗಿನಲ್ಲಿ ಹೆಸರಾದ ಶೆಕ್ ಎಕ್ಸ್‌ಲಿಯಂಥವರು ಇದೇ ಸುತ್ತಮುತ್ತ ಗುಹೆಗಳೊಳಗೆ ಮೈಲಿಗಟ್ಟಲೆ ದಾರಿ ತೋರಿಸುವ ದಾರ ಹಾಕಿ ಹೋಗಿದ್ದಾರೆ. ಅಂಥಲ್ಲಿ ಶನಿವಾರ ಭಾನುವಾರ ಮಾತ್ರ ನೀರಿಗಿಳಿಯುವ ಸಾಫ್ಟ್‌ವೇರ್‌ನವನಿಗೆ ಏನು ಸಿಗುತ್ತದೆ? ಈಗ ಸಿಕ್ಕಿದೆ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲಿ ಅಂತ ಮಾತ್ರ ಕೇಳಬೇಡಿ.

ನದಿಯ ನೀರು ನಮ್ಮ ಕಾಫಿ ಡಿಕಾಕ್ಷನ್ ಥರ. ಒಕಿಫನೋಕಿ ಜೌಗಿನಿಂದ ಎಲೆ, ತೊಗಟೆಯ ರಸ ಇಳಿಸಿಕೊಂಡು ಬರುತ್ತದೆ. ಮೂರು ಮೀಟರ್ ಕೆಳಗೆ ಹೋದರೆ ಲೈಟು ಕೆಂಪಗಾಗುತ್ತದೆ, ಆಮೇಲೆ ಕೈಯೂ ಕಾಣುವುದಿಲ್ಲ. ಎಲ್ಲರೂ ನೀರು ಕಡಿಮೆಯಾದಾಗ ಹುಡುಕಲು ಹೋಗುತ್ತಾರೆ, ಯಾಕೆಂದರೆ ಆಗ ಗುಹೆಯ ಬಾಯಿಂದ ಬರುವ ಬುಗ್ಗೆಗಳು ಮೇಲೆ ಕುದಿಯುವುದು ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳುವಂಥವನ್ನೆಲ್ಲ ಹಿಂದಿನವರೇ ಮುಗಿಸಿದ್ದಾರೆ. ಇದು ನನ್ನ ತಲೆಗೆ ಹೋಗಲು ಮೂರು ವರ್ಷ ಬೇಕಾಯಿತು.

ಮೊದಲು ಲೈಡಾರ್, ಅಂದರೆ ಆಕಾಶದಿಂದ ಲೇಸರ್ ಹಾಯಿಸಿ ನೆಲದ ಏರುತಗ್ಗು ಅಳೆದ ನಕ್ಷೆಗಳ ಹಿಂದೆ ಬಿದ್ದೆ. ಪುಕ್ಕಟೆ ಸಿಗುತ್ತವೆ, ನೋಡಲು ಚಂದ. ದಡದ ಹತ್ತಿರ ಗುಂಡಗೆ ಕುಸಿದ ಜಾಗಗಳನ್ನೆಲ್ಲ ಗುರುತು ಹಾಕಿಕೊಂಡು ಹೋದರೆ ಅರ್ಧ ಒಣಗುಂಡಿ, ಇನ್ನರ್ಧ ಯಾರದೋ ಖಾಸಗಿ ಜಮೀನು. ಆಮೇಲೆ ಶಬ್ದದ ಅಲೆಯಿಂದ ನದಿಯ ತಳದ ಚಿತ್ರ ತೋರಿಸುವ, ಸೈಡ್ ಸ್ಕ್ಯಾನ್ ಇರುವ ಫಿಶ್ ಫೈಂಡರ್. ಸುಮಾರು 1,600 ಡಾಲರ್ ಹೋಯಿತು. ಪರದೆ ಮೇಲೆ ಗುಹೆಯ ಬಾಯಿ ಅಂತ ಕಂಡದ್ದೆಲ್ಲ ಮುಳುಗಿದ ಮರದ ದಿಮ್ಮಿಯ ನೆರಳು. ಗೆಳೆಯನೊಬ್ಬನ ಹತ್ತಿರ ಶಾಖ ತೋರಿಸುವ ಥರ್ಮಲ್ ಕ್ಯಾಮೆರಾದ ಡ್ರೋನ್ ಇಸಿದುಕೊಂಡು ಚಳಿಗಾಲದ ಬೆಳಗ್ಗೆ ಹಾರಿಸಿದೆ. ನದಿ ಮೇಲೆಲ್ಲ ಮಂಜು, ದಡಕ್ಕೆ ಸೈಪ್ರೆಸ್ ಮರಗಳ ಕೊಡೆ. ಡ್ರೋನನ್ನು ಕೊಂಬೆಯಿಂದ ಇಳಿಸಲು ಏಣಿ ತರಬೇಕಾಯಿತು. ಆ ದುರಸ್ತಿ ಖರ್ಚು ಇಲ್ಲಿ ಬರೆಯುವುದಿಲ್ಲ, ಮನೆಯವಳು ಇದನ್ನು ಓದುತ್ತಾಳೆ.

ದಾರಿ ಸಿಕ್ಕಿದ್ದು ಬೆಂಗಳೂರಿನಲ್ಲಿ. 2021ರ ಕೊನೆಗೆ ಊರಿಗೆ ಹೋದಾಗ ವಾಟರ್ ಫಿಲ್ಟರ್ ಮಾರುವ ಹುಡುಗ ಬಂದ. ಬೋರ್‌ವೆಲ್ ನೀರಿಗೆ ಟಿಡಿಎಸ್ ಮೀಟರ್, ಅಂದರೆ ನೀರಿನಲ್ಲಿ ಎಷ್ಟು ಲವಣ ಕರಗಿದೆ ಅಂತ ತೋರಿಸುವ ಪೆನ್ನಿನಂಥದ್ದು, ಅದ್ದಿ, "ನೋಡಿ ಆಂಟಿ, ಎಷ್ಟು ಹಾರ್ಡ್ ಇದೆ" ಅಂತ ಅಮ್ಮನನ್ನು ಹೆದರಿಸುತ್ತಿದ್ದ. ನನಗೆ ತಟ್ಟನೆ ಹೊಳೆಯಿತು. ಸುಣ್ಣಕಲ್ಲಿನೊಳಗಿಂದ ಬರುವ ನೀರಿನಲ್ಲಿ ಕರಗಿದ ಸುಣ್ಣ ಇರಲೇಬೇಕಲ್ವಾ? ಜೌಗಿನ ಡಿಕಾಕ್ಷನ್ ನೀರಿನಲ್ಲಿ ಅದು ತೀರಾ ಕಡಿಮೆ. ಅವನು ಹೇಳಿದ ಫಿಲ್ಟರ್ ಅಮ್ಮ ತೆಗೆದುಕೊಳ್ಳಲಿಲ್ಲ. ನಾನು ಅಂಥದ್ದೇ ಪೆನ್ ಸುಮಾರು 400 ರೂಪಾಯಿಗೆ ಕೊಂಡೆ.

ಫ್ಲೋರಿಡಾಕ್ಕೆ ವಾಪಸ್ ಬಂದು ಗೊತ್ತಿರುವ ಬುಗ್ಗೆಗಳಲ್ಲಿ ಅದ್ದಿ ನೋಡಿದೆ. ಪೆನ್ ಬುಗ್ಗೆಯಲ್ಲಿ 170-190 ತೋರಿಸಿತು, ನದಿ ಮಧ್ಯದಲ್ಲಿ 50-60. ಕಣ್ಣು ಮುಚ್ಚಿಕೊಂಡೇ ಹುಡುಕಬಹುದು ಅನ್ನಿಸಿತು. ಚಪ್ಪಟೆ ತಳದ ದೋಣಿ, 12 ವೋಲ್ಟಿನ ಸಣ್ಣ ಪಂಪು, ಒಂದು ಹೋಸ್ ಪೈಪು, ಅದರ ತುದಿಗೆ ಡೈವಿಂಗ್ ಬೆಲ್ಟಿನ ಎರಡು ತೂಕ. ಕೆಳಗಿನ ನೀರು ಮೇಲಿನ ಲೋಟಕ್ಕೆ ಬೀಳುತ್ತದೆ, ಲೋಟದಲ್ಲಿ ಪೆನ್. ಎಲ್ಲ ಸೇರಿ 90 ಡಾಲರ್ ಇರಬಹುದು. ಪೈಪಿನ ಬಾಯಿ ಎಲೆ ಕಸದಿಂದ ಕಟ್ಟಿಕೊಳ್ಳದ ಹಾಗೆ ಏನು ಮಾಡಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅದಕ್ಕೇ ನಾಲ್ಕು ತಿಂಗಳು ಹಿಡಿದಿದೆ.

ದೋಣಿ ನಡೆಸಲು ಬರುತ್ತಿದ್ದ ಶಿವಮೊಗ್ಗದ ಗೆಳೆಯನಿಗೆ ಈಜೂ ಸರಿಯಾಗಿ ಬರುವುದಿಲ್ಲ. "ಲೋ, ಡೈವಿಂಗ್ ಅಂತ ಕರ್ಕೊಂಡು ಬಂದು ಫಿಲ್ಟರ್ ಸರ್ವಿಸ್ ಮಾಡಿಸ್ತಿದೀಯಲ್ಲೋ" ಅನ್ನುತ್ತಿದ್ದ. ಡೈವ್ ಅಂಗಡಿಯಲ್ಲೂ ನನಗೆ ವಾಟರ್ ಫಿಲ್ಟರ್ ಅಂತಲೇ ಹೆಸರು ಬಿತ್ತು. ಬೇಸಿಗೆಯಲ್ಲಿ ಸ್ಟರ್ಜನ್ ಮೀನು ಹಾರುತ್ತವೆ. ಆಳೆತ್ತರದ ಮೀನು, ಮೈಮೇಲೆ ಸಾಲುಸಾಲಾಗಿ ಗಟ್ಟಿ ಮೂಳೆಯ ಹಲಗೆ. ದೋಣಿಯಲ್ಲಿದ್ದವರ ಮೂಳೆ ಮುರಿದದ್ದುಂಟು. ಅವನಿಗೆ ಮೊಸಳೆಗಿಂತ ಅದರದೇ ಭಯ.

ಮೊದಲ ಚಳಿಗಾಲ ಪೂರ್ತಿ ಹಾಳು. ಪೈಪನ್ನು ತಳಕ್ಕೇ ಬಿಟ್ಟು ಎಳೆದೆ, ಏನೂ ಸಿಗಲಿಲ್ಲ. ತಪ್ಪು ನನ್ನದೇ. ಬುಗ್ಗೆಯ ನೀರು ವರ್ಷವಿಡೀ ಸುಮಾರು 22 ಡಿಗ್ರಿ. ಜನವರಿಯಲ್ಲಿ ನದಿ 11-12 ಇರುವಾಗ ಅದು ಹಗುರಾಗಿ ಮೇಲೇಳುತ್ತದೆ. ಬೇಸಿಗೆಯಲ್ಲಿ ನದಿ 28 ಮುಟ್ಟಿದಾಗ ತಳದಲ್ಲಿ ಮಲಗುತ್ತದೆ. ಚಳಿಗಾಲದಲ್ಲಿ ಪೈಪನ್ನು ಎತ್ತಬೇಕು, ಬೇಸಿಗೆಯಲ್ಲಿ ಇಳಿಸಬೇಕು. ಹೋಸಿನಲ್ಲಿ ನೀರು ಮೇಲೆ ಬರಲು ಹತ್ತು ಹನ್ನೆರಡು ಸೆಕೆಂಡು. ಅಷ್ಟರಲ್ಲಿ ದೋಣಿ ಮುಂದೆ ಹೋಗಿರುತ್ತದೆ, ಹಿಂದಕ್ಕೆ ಲೆಕ್ಕ ಹಾಕಬೇಕು. ನದಿ ಉಕ್ಕಿದಾಗ ಹೋಗುವುದು ದಂಡ, ಬುಗ್ಗೆಗಳೇ ಕರಿನೀರು ಕುಡಿಯಲು ಶುರುಮಾಡುತ್ತವೆ. ತೀರಾ ಇಳಿದಾಗಲೂ ಪ್ರಯೋಜನ ಇಲ್ಲ, ನದಿಯಲ್ಲಿ ಇರುವುದೆಲ್ಲ ಬುಗ್ಗೆಯ ನೀರೇ ಆಗಿ ಪೆನ್ನಿಗೆ ವ್ಯತ್ಯಾಸ ಸಿಗುವುದಿಲ್ಲ. ನದಿ ಇಳಿಯುತ್ತಾ ಅರ್ಧಕ್ಕೆ ಬಂದಾಗ ಹೋಗಬೇಕು.

ಒಮ್ಮೆ 60ರಿಂದ ಸೀದಾ 200ಕ್ಕೆ ಏರಿತು. ಕೂಗಾಡಿಕೊಂಡು ಧುಮುಕಿದೆ. ದಡದ ಮನೆಯವರ ಬೋರ್‌ವೆಲ್ ನೀರಿನ ಪೈಪು! ಇನ್ನೊಂದು ಕಡೆ ನಿಜವಾಗಿಯೂ ಗುಹೆ ಸಿಕ್ಕಿತು. ಹತ್ತು ಮೀಟರ್ ಒಳಗೆ ಹೋದರೆ ಕೊಳೆತ ನೈಲಾನ್ ದಾರ. ಯಾರೋ ದಶಕಗಳ ಹಿಂದೆಯೇ ಬಂದು, ಯಾರಿಗೂ ಹೇಳದೆ ಹೋಗಿದ್ದಾರೆ. ಆ ದಿನ ರಾತ್ರಿ ಊಟ ಸೇರಲಿಲ್ಲ.

2023ರ ಜನವರಿಯಲ್ಲಿ ಒಂದು ತಿರುವಿನ ಹತ್ತಿರ 58, 61, 74, 112, ಮತ್ತೆ 60. ಮೂರು ಸಲ ಹಿಂದಕ್ಕೆ ಹೋಗಿ ಬಂದೆವು, ಮೂರು ಸಲವೂ ಅದೇ. ಕೆಳಗೆ ಐದು ಮೀಟರ್, ದಡದ ಬಂಡೆಯಡಿ ಕೊಂಬೆಗಳ ರಾಶಿ. ತಡಕುತ್ತಾ ಹೋದೆ. ಬೆರಳು ಚಳಿಗೆ ಮರಗಟ್ಟಿತ್ತು. ಸಂದಿಯೊಳಗೆ ಕೈ ಹೋದದ್ದೇ ಬಚ್ಚಲ ಹಂಡೆಗೆ ಕೈ ಇಟ್ಟ ಹಾಗೆ ಬೆಚ್ಚಗಾಯಿತು. ಮುಖ ಒಳಗೆ ತೂರಿಸಿದರೆ ಗಾಜಿನಂಥ ನೀರು, ಹಿಂದೆ ಕಪ್ಪು ಪರದೆ.

ಕೊಂಬೆ, ಎಲೆ ತೆಗೆಯಲು ನಾಲ್ಕು ವಾರಾಂತ್ಯ. ದೊಡ್ಡ ದಿಮ್ಮಿ ಮುಟ್ಟಲಿಲ್ಲ, ಹಳೆಯ ದಿಮ್ಮಿ ತೆಗೆಯಲು ಇಲ್ಲಿ ಸರ್ಕಾರದ ಪರವಾನಗಿ ಬೇಕು. ಸೈಡ್‌ಮೌಂಟ್, ಅಂದರೆ ಸಿಲಿಂಡರುಗಳನ್ನು ಬೆನ್ನಿನ ಬದಲು ಪಕ್ಕಕ್ಕೆ ಕಟ್ಟಿಕೊಳ್ಳುವುದು, ಇಲ್ಲದೆ ಒಳಗೆ ತೂರುವ ಮಾತೇ ಇಲ್ಲ. ಒಂದು ಸಿಲಿಂಡರ್ ಬಿಚ್ಚಿ ಮುಂದೆ ತಳ್ಳಿಕೊಂಡು ಹೋಗಬೇಕು. ಫ್ಲೋರಿಡಾದಲ್ಲಿ ಗೊತ್ತಿರುವ ಎಷ್ಟೋ ಗುಹೆಗಳ ಬಾಯಿಯಲ್ಲಿ ಸಾವಿನ ಚಿತ್ರದ ಎಚ್ಚರಿಕೆ ಬೋರ್ಡು ಇರುತ್ತದೆ. ಈ ಬಾಯಿಯಲ್ಲಿ ಅದಿರಲಿಲ್ಲ. ಒಳಗೆ ಹೋಗಿ ಮೊದಲು ಗೋಡೆ ನೋಡಿದೆ. ದಾರ ಇರಲಿಲ್ಲ. ಬಿಳಿ ಸಿಗಡಿಯಂಥ ಕ್ರೇಫಿಶ್ ಒಂದು ಮಾತ್ರ ಕೂತಿತ್ತು, ಕಣ್ಣಿಲ್ಲದ್ದು.

ಹೊಸ ಗುಹೆಯ ತೊಂದರೆ ಚಾವಣಿ. ಅಲ್ಲಿಗೆ ಯಾರ ಗುಳ್ಳೆಯೂ ತಾಗಿರುವುದಿಲ್ಲ. ನನ್ನ ಉಸಿರು ತಾಗಿದ್ದೇ ಜೇಡಿಮಣ್ಣಿನ ಮಳೆ. ಹೋಗುವಾಗ ಸ್ವಚ್ಛ, ಬರುವಾಗ ಪೂರ್ತಿ ದಾರ ಮುಟ್ಟಿಕೊಂಡೇ. ಹಾಗಾಗಿ ಸಿಲಿಂಡರಿನ ಗ್ಯಾಸಿನಲ್ಲಿ ಮೂರರಲ್ಲೊಂದು ಪಾಲು ಮುಗಿದಾಗ ಹಿಂದಿರುಗುವ ಮಾಮೂಲಿ ಲೆಕ್ಕ ಬಿಟ್ಟು ಆರರಲ್ಲೊಂದು ಮುಗಿದಾಗಲೇ ತಿರುಗುತ್ತಿದ್ದೆ. ಮೊದಲ ಸಲ 25 ಮೀಟರ್ ಅಷ್ಟೆ. ಹದಿನಾಲ್ಕು ಡೈವ್ ಆಗುವಷ್ಟರಲ್ಲಿ ಸುಮಾರು 340 ಮೀಟರ್ ದಾರ ಹಾಕಿದ್ದೆ, ಆಳ 19 ಮೀಟರ್ ಇರಬೇಕು. ಕೊನೆಗೆ ಕುಸಿದ ಬಂಡೆಗಳು. ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿಸಿದ ಗಾಳಿ), ಪೆಟ್ರೋಲು, ಹರಿದ ಡ್ರೈಸೂಟಿನ ಹೊಲಿಗೆ ಎಲ್ಲ ಸೇರಿ 3,000 ಡಾಲರ್ ದಾಟಿತು.

ನಡುವೆ ಸುಮ್ನೆ ಒಂದು ಪ್ರಯೋಗ. ಬಾಯಿಯ ಒಳಗೆ ತಾಪಮಾನ ಬರೆದಿಡುವ ಸಣ್ಣ ಲಾಗರ್ ಕಟ್ಟಿ ಬಂದೆ. ನದಿ ಏರಿದ ಒಂದು ರಾತ್ರಿ ಅದು 22ರಿಂದ 15ಕ್ಕೆ ಇಳಿದಿತ್ತು. ಅಂದರೆ ಅಂದು ಗುಹೆ ನದಿಯನ್ನು ನುಂಗುತ್ತಿತ್ತು. ಆ ಹೊತ್ತಿಗೆ ಬಾಯಲ್ಲಿ ನಾನಿದ್ದಿದ್ದರೆ ಒಳಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಲಾಗರ್ ಬೆಲೆ 60 ಡಾಲರ್. ಈಗ ಅದರ ಲೆಕ್ಕ, ನದಿಯ ಮಟ್ಟ ಎರಡೂ ನೋಡದೆ ದೋಣಿ ಇಳಿಸುವುದಿಲ್ಲ.

2024ರ ಆಗಸ್ಟಿನಲ್ಲಿ ಡೆಬ್ಬಿ ಚಂಡಮಾರುತ ಬಂತು. ಪ್ರವಾಹ ಇಳಿದ ಮೇಲೆ ಹೋದರೆ ಬಾಯಿ ಮತ್ತೆ ಕೊಂಬೆಗಳಿಂದ ತುಂಬಿತ್ತು, ನನ್ನ ಲಾಗರ್ ಕೂಡ ಮಾಯ. ಪೆನ್ ಮಾತ್ರ ಅದೇ ತಿರುವಿನಲ್ಲಿ 108 ತೋರಿಸಿತು.

ಅದೇ ವಾರ ಅಂಗಡಿಯಲ್ಲಿ, ನನಗೆ ವಾಟರ್ ಫಿಲ್ಟರ್ ಅಂತ ಹೆಸರಿಟ್ಟ ಹಿರಿಯ ಡೈವರ್ ಮೆಲ್ಲಗೆ ಪಕ್ಕಕ್ಕೆ ಕರೆದು, ಪಂಪು ಯಾವುದು, ಹೋಸ್ ಎಷ್ಟು ದಪ್ಪದ್ದು ಅಂತ ಕೇಳಿದರು. ಎರಡೂ ಹೇಳಿದೆ. ಚೀಟಿಯಲ್ಲಿ ಬರೆದುಕೊಂಡರು. ಪೈಪಿನ ಬಾಯಿಗೆ ಏನು ಹಾಕಿದ್ದೀಯ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.