ಕೋಡ್ ಓದಿ ತಿದ್ದುವ ಮೆಂಟರ್ ಬೇಕೆ? ನವೆಂಬರ್‌ನಲ್ಲೇ ಶುರು ಮಾಡಿ

ಎಂಜಿನಿಯರಿಂಗ್, ಬಿಸಿಎ, ಬಿಎಸ್ಸಿ ಓದುವವರಿಗೆ 'ಇಂಟರ್ನ್‌ಶಿಪ್ ಮಾಡು' ಎಂದು ಹೇಳುವವರು ಜಾಸ್ತಿ. ಬರೆದ ಕೋಡನ್ನು ಕೂತು ಓದಿ, 'ಇಲ್ಲಿ ಎಡವಿದ್ದೀಯ, ಹೀಗೆ ತಿದ್ದು' ಎನ್ನುವವರು ಕಡಿಮೆ. ಅಂಥವರನ್ನು ಜೊತೆಮಾಡಿಕೊಡುವ ಕಾರ್ಯಕ್ರಮಗಳು ಇವೆ. ಮನೆಯಲ್ಲೇ ಕೂತು ಮಾಡಬಹುದು, ಸ್ಟೈಪೆಂಡ್ ಕೂಡ ಬರುತ್ತದೆ. ಇಂಥದ್ದೇ ಕಾಲೇಜಿನವರಾಗಿರಬೇಕು ಎಂಬ ನಿಯಮವಿಲ್ಲ. ಆದರೂ ಸಣ್ಣ ಊರಿನ ಕಾಲೇಜುಗಳಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಎಷ್ಟೋ ಸಲ ಅರ್ಜಿಯ ದಿನ ಮುಗಿದಿರುತ್ತದೆ.

ಯಾವುದಕ್ಕೆ ಅರ್ಜಿ?

ಹಳೆಯದು, ದೊಡ್ಡದು ಗೂಗಲ್ ಸಮ್ಮರ್ ಆಫ್ ಕೋಡ್. 2005ರಲ್ಲಿ ಶುರುವಾಯಿತು. ಮೊದಲು ವಿದ್ಯಾರ್ಥಿಗಳಿಗೆ ಮಾತ್ರ ಇತ್ತು. 2022ರಿಂದ 18 ವರ್ಷ ತುಂಬಿದ, ಓಪನ್ ಸೋರ್ಸ್‌ಗೆ (ಯಾರು ಬೇಕಾದರೂ ಓದಿ, ತಿದ್ದಬಹುದಾದ ತೆರೆದ ಕೋಡ್‌ಗೆ) ಹೊಸಬರಾದ ಯಾರು ಬೇಕಾದರೂ ಸೇರಬಹುದು. ಪ್ರಾಜೆಕ್ಟ್‌ಗಳು ಮೂರು ಅಳತೆಯವು: 90, 175, 350 ಗಂಟೆ. ಸ್ಟೈಪೆಂಡ್ ದೇಶಕ್ಕೆ ತಕ್ಕಂತೆ ಬದಲಾಗುತ್ತದೆ. ಭಾರತದವರಿಗೆ ಇತ್ತೀಚೆಗೆ 350 ಗಂಟೆಯ ಕೆಲಸಕ್ಕೆ 3,000 ಡಾಲರ್ ಸಿಕ್ಕಿದೆ.

ಎರಡನೆಯದು ಔಟ್‌ರೀಚಿ. ತಂತ್ರಜ್ಞಾನದ ಕ್ಷೇತ್ರದಲ್ಲಿ ತಾರತಮ್ಯ ಎದುರಿಸುವವರಿಗೆ, ಕಡಿಮೆ ಸಂಖ್ಯೆಯಲ್ಲಿ ಇರುವವರಿಗೆ ಇದು ಮೀಸಲು. ವರ್ಷಕ್ಕೆ ಎರಡು ಸುತ್ತು, ತಲಾ ಮೂರು ತಿಂಗಳು, 7,000 ಡಾಲರ್. ಅರ್ಜಿಯಲ್ಲಿ ನಿಮ್ಮ ಬದುಕಿನ ಬಗ್ಗೆ ಪ್ರಬಂಧ ಕೇಳುತ್ತಾರೆ. ಹೆಣ್ಣುಮಗಳು ಎಂದೋ, ಜಾತಿಯ ಕಾರಣಕ್ಕೋ ನಿಮಗೆ ಅಡ್ಡಿಯಾಗಿದ್ದರೆ ಮುಚ್ಚಿಡಬೇಡಿ. ನಡೆದದ್ದನ್ನು ನಡೆದ ಹಾಗೆ ಬರೆಯಿರಿ.

ಲಿನಕ್ಸ್ ಫೌಂಡೇಶನ್‌ನ ಎಲ್‌ಎಫ್‌ಎಕ್ಸ್ ಮೆಂಟರ್‌ಶಿಪ್‌ಗೆ ವರ್ಷಕ್ಕೆ ಮೂರು ಸುತ್ತು. ಲಿನಕ್ಸ್ ಕರ್ನೆಲ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು), ಕುಬರ್ನೆಟೀಸ್ (ಸರ್ವರ್‌ಗಳಲ್ಲಿ ಆ್ಯಪ್ ನಡೆಸುವ ವ್ಯವಸ್ಥೆ) ಇಂಥ ಕೆಲಸದ ರುಚಿ ಇರುವವರಿಗೆ ಸರಿ. ಕೋಡ್‌ಗಿಂತ ಓದು, ಕೆಲಸ, ಮುಂದಿನ ದಾರಿಯ ಬಗ್ಗೆ ಮಾತಾಡುವ ಹಿರಿಯರು ಬೇಕು ಎನ್ನುವವರು ಬೆಂಗಳೂರಿನ ಮೆಂಟರ್ ಟುಗೆದರ್ ನೋಡಬಹುದು. ಕಡಿಮೆ ಆದಾಯದ ಮನೆಯಿಂದ ಬಂದ ಎಂಜಿನಿಯರಿಂಗ್ ವಿದ್ಯಾರ್ಥಿನಿಯರಿಗೆ ಕಟಲಿಸ್ಟ್ ಇದೆ.

ಇವುಗಳಲ್ಲಿ ಯಾವುದಕ್ಕೂ ನೀವು ದುಡ್ಡು ಕಟ್ಟಬೇಕಿಲ್ಲ. ಸಾವಿರಗಟ್ಟಲೆ ಫೀಸು ತಗೊಂಡು ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಕೊಡುವ ಅಂಗಡಿಗಳು ಎಲ್ಲ ಕಡೆ ತಲೆ ಎತ್ತಿವೆ. ಅಲ್ಲಿ ಸಿಗುವುದು ಕಾಗದ ಅಷ್ಟೇ.

ಇಂಗ್ಲಿಷ್ ಮಾತು ಬಾರದಿದ್ದರೆ?

ಕನ್ನಡ ಮಾಧ್ಯಮದಲ್ಲಿ ಓದಿದವರು ಹೆಚ್ಚಾಗಿ ಇಲ್ಲೇ ಹಿಂದೆ ಸರಿಯುತ್ತಾರೆ. ನನ್ನ ಪ್ರಕಾರ ಅವರಿಗೇ ಇದು ಹೇಳಿ ಮಾಡಿಸಿದ ಜಾಗ. ಕ್ಯಾಂಪಸ್ ಸಂದರ್ಶನದಲ್ಲಿ ಪಟಪಟ ಮಾತಾಡಬೇಕು. ಓಪನ್ ಸೋರ್ಸ್‌ನಲ್ಲಿ ಬಹುಪಾಲು ವ್ಯವಹಾರ ಬರಹದಲ್ಲೇ ನಡೆಯುತ್ತದೆ. ಒಂದು ವಾಕ್ಯಕ್ಕೆ ಅರ್ಧ ಗಂಟೆ ತಗೊಂಡರೂ ಕೇಳುವವರಿಲ್ಲ. ಮೆಂಟರ್ ಜರ್ಮನಿಯವರೋ ಬ್ರೆಜಿಲ್‌ನವರೋ ಆಗಿದ್ದರೆ ಅವರಿಗೂ ಇಂಗ್ಲಿಷ್ ಎರಡನೇ ಭಾಷೆಯೇ. ಸಣ್ಣ ವಾಕ್ಯ, ನೇರ ಮಾತು ಸಾಕು.

ಮೊದಲ ಹೆಜ್ಜೆ: ಒಂದೇ ಪ್ರಾಜೆಕ್ಟ್

ಸಮ್ಮರ್ ಆಫ್ ಕೋಡ್‌ನಲ್ಲಿ ಪ್ರಾಜೆಕ್ಟ್, ಮೆಂಟರ್ ಕೊಡುವುದು ಓಪನ್ ಸೋರ್ಸ್ ಸಂಸ್ಥೆಗಳು. ಆಯ್ಕೆಯಾದ ಸಂಸ್ಥೆಗಳ ಪಟ್ಟಿ ಫೆಬ್ರವರಿಯ ಎರಡನೇ ಅರ್ಧದಲ್ಲಿ ಬರುತ್ತದೆ. ವರ್ಷಕ್ಕೆ ತಕ್ಕಂತೆ ಮಾರ್ಚ್ ನಡುವಿನಿಂದ ಏಪ್ರಿಲ್ ಮೊದಲ ವಾರಗಳೊಳಗೆ ಅರ್ಜಿ ಹಾಕಬೇಕು. ಪಟ್ಟಿ ಬರಲಿ ಎಂದು ಕಾದರೆ ಉಳಿಯುವುದು ಒಂದೇ ತಿಂಗಳು. ಹಳೆಯ ವರ್ಷಗಳ ಪಟ್ಟಿ ಜಾಲತಾಣದಲ್ಲೇ ಇರುತ್ತದೆ. ಮತ್ತೆ ಮತ್ತೆ ಬರುವ ಹೆಸರುಗಳಲ್ಲಿ ಒಂದನ್ನು ನವೆಂಬರ್‌ನಲ್ಲೇ ಹಿಡಿದುಕೊಳ್ಳಿ.

ಯಾವುದು ಎಂದು ಗೊತ್ತಾಗದಿದ್ದರೆ, ನೀವು ದಿನವೂ ಬಳಸುವುದನ್ನೇ ನೋಡಿ. ವಿಕಿಪೀಡಿಯ ನಡೆಸುವ ವಿಕಿಮೀಡಿಯ ಸಂಸ್ಥೆ ಸಮ್ಮರ್ ಆಫ್ ಕೋಡ್, ಔಟ್‌ರೀಚಿ ಎರಡರಲ್ಲೂ ವರ್ಷಗಳಿಂದ ಪಾಲ್ಗೊಂಡಿದೆ. ಕಡತ ಬರೆಯುವ ಉಚಿತ ಆಫೀಸ್ ತಂತ್ರಾಂಶ ಲಿಬ್ರೆಆಫೀಸ್ ಕೂಡ ಸಮ್ಮರ್ ಆಫ್ ಕೋಡ್‌ಗೆ ಹಳಬ. ಒತ್ತಕ್ಷರ ಚದುರಿ ಕಾಣುವುದು, ಅರ್ಕಾವತ್ತು ತಪ್ಪಾದ ಕಡೆ ಕೂರುವುದು ಇಂಥ ದೋಷಗಳು ಕನ್ನಡ ಓದುವವರ ಕಣ್ಣಿಗೆ ತಟ್ಟನೆ ಬೀಳುತ್ತವೆ. ಬೇರೆಯವರಿಗೆ ಅವು ಕಾಣುವುದೇ ಇಲ್ಲ.

ಎರಡನೇ ಹೆಜ್ಜೆ: ಪ್ರಶ್ನೆ ಕೇಳುವ ರೀತಿ

'ಹಾಯ್ ಸರ್, ಐ ಆ್ಯಮ್ ಇಂಟರೆಸ್ಟೆಡ್, ಪ್ಲೀಸ್ ಗೈಡ್ ಮಿ.' ಇಂಥ ಮೆಸೇಜು ಮೆಂಟರ್‌ಗಳಿಗೆ ರಾಶಿ ರಾಶಿ ಬರುತ್ತದೆ. ಉತ್ತರ ಬರುವುದು ಅಪರೂಪ, ಯಾಕೆಂದರೆ ಅದರಲ್ಲಿ ಪ್ರಶ್ನೆಯೇ ಇಲ್ಲ ಅಲ್ವಾ?

ಒಳ್ಳೆಯ ಪ್ರಶ್ನೆಯಲ್ಲಿ ನಾಲ್ಕು ಸಂಗತಿ ಇರಬೇಕು. ಏನು ಮಾಡಲು ಹೊರಟಿರಿ, ಯಾವ ಕಮಾಂಡ್ ಕೊಟ್ಟಿರಿ, ಯಾವ ಎರರ್ ಬಂತು, ಸರಿಮಾಡಲು ಏನೇನು ನೋಡಿದಿರಿ. ಎರರ್ ಸಂದೇಶವನ್ನು ಫೋಟೊ ಹೊಡೆದು ಹಾಕಬೇಡಿ, ಅಕ್ಷರವಾಗಿಯೇ ಅಂಟಿಸಿ. ಡಿಎಂ ಬೇಡ, ಎಲ್ಲರೂ ನೋಡುವ ಚಾನೆಲ್‌ನಲ್ಲೇ ಕೇಳಿ. ನಾಚಿಕೆ ಆಗುತ್ತದೆ, ನಿಜ. ಆದರೆ ಮೆಂಟರ್ ಮಲಗಿರುವ ಹೊತ್ತಿನಲ್ಲಿ ಇನ್ನೊಬ್ಬರು ಉತ್ತರ ಕೊಡುತ್ತಾರೆ. ನಿಮ್ಮ ಹೆಸರೂ ನಾಲ್ಕು ಜನರಿಗೆ ಪರಿಚಯವಾಗುತ್ತದೆ.

ಮೂರನೇ ಹೆಜ್ಜೆ: ಮೊದಲ ಪಿಆರ್

ಪಿಆರ್ (ಪುಲ್ ರಿಕ್ವೆಸ್ಟ್) ಎಂದರೆ ನೀವು ತಿದ್ದಿದ್ದನ್ನು ಪ್ರಾಜೆಕ್ಟ್‌ಗೆ ಸೇರಿಸಿಕೊಳ್ಳಿ ಎಂಬ ಕೋರಿಕೆ. ಹೊಸಬರಿಗೆಂದು ಗುರುತು ಹಾಕಿದ ಇಶ್ಯೂಗಳಲ್ಲಿ (ಸರಿಮಾಡಬೇಕಾದ ದೋಷ, ಬಾಕಿ ಕೆಲಸಗಳಲ್ಲಿ) ಒಂದನ್ನು ತಗೊಳ್ಳಿ. ಸಣ್ಣದಿರಲಿ, ಪೊಳ್ಳಾಗಿರಬಾರದು. ಪಿಆರ್ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದ ಅಕ್ಟೋಬರ್ ಕಾರ್ಯಕ್ರಮ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ, 2020ರಲ್ಲಿ, ಆ ಟೀ ಶರ್ಟ್ ಆಸೆಗೆ ಜನ ಸುಮ್ನೆ ಪದಗಳನ್ನು ಸೇರಿಸಿ ಪಿಆರ್ ಕಳಿಸಿದರು. ಕಾಟ ತಡೆಯಲಾರದೆ, ಒಪ್ಪಿದ ಪ್ರಾಜೆಕ್ಟ್‌ಗಳಿಗೆ ಮಾತ್ರ ಎಂದು ಆಯೋಜಕರು ನಡುವೆಯೇ ನಿಯಮ ಬದಲಿಸಬೇಕಾಯಿತು. ಬಳಿಕ ವೆಬ್ ತಂತ್ರಾಂಶ ಎಕ್ಸ್‌ಪ್ರೆಸ್ ಜೆಎಸ್‌ನ ರೀಡ್‌ಮಿ (ಪರಿಚಯದ) ಕಡತಕ್ಕೆ ತಮ್ಮ ಹೆಸರು ತುರುಕುವ ಪಿಆರ್‌ಗಳ ಪ್ರವಾಹ ಬಂತು. ಟ್ಯುಟೋರಿಯಲ್ ವಿಡಿಯೊ ನೋಡಿದ ನಮ್ಮ ದೇಶದ ವಿದ್ಯಾರ್ಥಿಗಳೇ ಅದರಲ್ಲಿ ಹೆಚ್ಚು. ಆ ಸಿಟ್ಟು ಇನ್ನೂ ಇದೆ. ಮೇಂಟೇನರ್‌ಗಳು (ಪ್ರಾಜೆಕ್ಟ್ ನೋಡಿಕೊಳ್ಳುವವರು) ಹೊಸಬರನ್ನು ಒಂದು ಕ್ಷಣ ಅನುಮಾನದಿಂದ ನೋಡಿದರೆ ಬೇಜಾರಾಗಬೇಡಿ.

ರಿವ್ಯೂನಲ್ಲಿ ಹತ್ತು ತಪ್ಪು ತೋರಿಸಿದರೆ ಖುಷಿಪಡಿ, ನಿಮಗಾಗಿ ಯಾರೋ ಸಮಯ ಕೊಟ್ಟಿದ್ದಾರೆ. ಒಂದೊಂದನ್ನೂ ತಿದ್ದಿ, ಒಂದೊಂದಕ್ಕೂ ಉತ್ತರ ಬರೆಯಿರಿ.

ನಾಲ್ಕನೇ ಹೆಜ್ಜೆ: ಪ್ರಪೋಸಲ್

ಏನು, ಹೇಗೆ ಮಾಡುತ್ತೀರಿ ಎಂದು ಬರೆದ ಯೋಜನೆಯೇ ಪ್ರಪೋಸಲ್. ಸಮ್ಮರ್ ಆಫ್ ಕೋಡ್‌ಗೆ ಮೂರು ಪ್ರಪೋಸಲ್ ಕಳಿಸಬಹುದು. ಒಂದನ್ನೇ ಚೆನ್ನಾಗಿ ಬರೆಯುವುದು ಮೇಲು. ವಾರವಾರದ ಕೆಲಸ ಹಾಕಿ. ಸೆಮಿಸ್ಟರ್ ಪರೀಕ್ಷೆಯ ವಾರಗಳನ್ನು ಮುಚ್ಚಿಡದೆ ಬರೆಯಿರಿ. 12 ವಾರದ ಕೆಲಸವನ್ನು ಮೆಂಟರ್ ಒಪ್ಪಿದರೆ 22 ವಾರದವರೆಗೆ ಹಿಗ್ಗಿಸಲು ಅವಕಾಶವಿದೆ. ಚಾಟ್‌ಬಾಟ್ ಬರೆದ ಪ್ರಪೋಸಲ್‌ಗಳನ್ನು ಮೆಂಟರ್‌ಗಳು ಕಂತೆಗಟ್ಟಲೆ ನೋಡಿ ಬೇಸತ್ತಿದ್ದಾರೆ. ಒರಟಾದರೂ ನಿಮ್ಮದೇ ಇಂಗ್ಲಿಷ್ ಇರಲಿ.

ಆಯ್ಕೆಯಾದ ಮೇಲೆ

ಕೋಡ್ ಕೈಕೊಟ್ಟರೆ ದಾರಿ ಇರುತ್ತದೆ. ಸಿಕ್ಕಿಬಿದ್ದಾಗ ಮಾತು ನಿಲ್ಲಿಸಿ ಮಾಯವಾದರೆ ಕಷ್ಟ. ಸಮ್ಮರ್ ಆಫ್ ಕೋಡ್‌ನಲ್ಲಿ ನಡುವೆ ಒಂದು, ಕೊನೆಗೆ ಒಂದು ಮೌಲ್ಯಮಾಪನ ಇರುತ್ತದೆ. ನಡುವಿನದರಲ್ಲಿ ಫೇಲಾದರೆ ಅಲ್ಲಿಗೇ ಮುಗಿಯಿತು. ಹಾಗಾಗಿ ಒಂದು ದಿನ ಪೂರ್ತಿ ಮುಂದೆ ಹೋಗದಿದ್ದರೆ ಅವತ್ತೇ ಹೇಳಿ.

ಹಣದ ವಿಷಯದಲ್ಲಿ ನಮ್ಮವರಿಗೆ ತೊಡಕಾಗುವುದು ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಥರ, ಪ್ಯಾನ್‌ನಲ್ಲಿ ಅಪ್ಪನ ಹೆಸರು ಬಿಡಿಸಿ ಇನ್ನೊಂದು ಥರ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮತ್ತೊಂದು. ಪ್ಯಾನ್ ಮತ್ತು ಬ್ಯಾಂಕ್ ಖಾತೆಯ ಹೆಸರನ್ನು ಜನವರಿಯೊಳಗೆ ಒಂದೇ ಮಾಡಿಸಿಡಿ. ಈ ಕಾರ್ಯಕ್ರಮದ ಕೆಲಸವನ್ನು ಕಾಲೇಜಿನ ಇಂಟರ್ನ್‌ಶಿಪ್ ಕ್ರೆಡಿಟ್‌ಗೆ ಒಪ್ಪುತ್ತಾರಾ ಎಂದು ಎಚ್‌ಒಡಿ ಅವರನ್ನು ಮೊದಲೇ ಕೇಳಿ, ಒಪ್ಪಿದರೆ ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಕಾಲೇಜು ಮುಗಿದ ಮೇಲೂ

ಮರ್ಜ್ ಆದ (ಪ್ರಾಜೆಕ್ಟ್‌ಗೆ ಸೇರಿದ) ಕೋಡ್ ನಿಮ್ಮ ಹೆಸರಲ್ಲೇ ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ. ರೆಸ್ಯೂಮೆಯಲ್ಲಿ ಅದರ ಕೊಂಡಿ ಕೊಡಿ. ಎಂಎಸ್‌ಗೋ ಕೆಲಸಕ್ಕೋ ಮೆಂಟರ್‌ನಿಂದ ಶಿಫಾರಸು ಪತ್ರ ಬೇಕಾದರೆ ಮೂರು ವಾರ ಮೊದಲು ಕೇಳಿ. ನೀವು ಮಾಡಿದ ಕೆಲಸದ ಪಟ್ಟಿಯನ್ನೂ ಜೊತೆಗೆ ಕಳಿಸಿ, ಅವರಿಗೆ ಎಲ್ಲ ನೆನಪಿರುವುದಿಲ್ಲ. ಪತ್ರ ಬೇಕಿಲ್ಲದ ದಿನಗಳಲ್ಲೂ ಆಗೊಮ್ಮೆ ಈಗೊಮ್ಮೆ ಒಂದು ಇಶ್ಯೂ ಬಗೆಹರಿಸುತ್ತಿರಿ. ಹೀಗೆ ಉಳಿದುಕೊಂಡವರನ್ನೇ ಸಂಸ್ಥೆಗಳು ಮುಂದೆ ಮೆಂಟರ್ ಆಗಿ ಕರೆಯುತ್ತವೆ. ಸಮ್ಮರ್ ಆಫ್ ಕೋಡ್‌ನಲ್ಲಿ ಕಲಿಯುವವರಾಗಿ ಸೇರಿದ ವರ್ಷವೇ ಮೆಂಟರ್ ಆಗುವಂತಿಲ್ಲ. ಮರುವರ್ಷದಿಂದ ಆಗಬಹುದು.