ಹ್ಯೂಮನಾಯ್ಡ್ ರೋಬೋಟ್ ನಮ್ಮ ಕೆಲಸಕ್ಕೆ ಬರತ್ತಾ ಇಲ್ವಾ, ನೀವೇ ಕೂತು ಲೆಕ್ಕ ಹಾಕೋದು ಹೀಗೆ

ವಾರಕ್ಕೊಂದಾದ್ರೂ ಹ್ಯೂಮನಾಯ್ಡ್, ಅಂದ್ರೆ ಮನುಷ್ಯರ ಆಕಾರದ ರೋಬೋಟಿನ ವಿಡಿಯೋ ಫೋನಿಗೆ ಬಂದೇ ಬರತ್ತೆ, ಒಂದು ಪಲ್ಟಿ ಹೊಡೆಯತ್ತೆ, ಇನ್ನೊಂದು ಬಟ್ಟೆ ಮಡಚತ್ತೆ, ಅದನ್ನ ನೋಡಿದವರಲ್ಲಿ ಒಬ್ರು ಐದು ವರ್ಷದಲ್ಲಿ ಎಲ್ರ ಹೊಟ್ಟೆಪಾಡೂ ಹೋಯ್ತು ಅಂತಾರೆ, ಇನ್ನೊಬ್ರು ಇದೆಲ್ಲ ಬರೀ ಶೋ ಬಿಡ್ರೀ ಅಂತಾರೆ. ಇಬ್ರೂ ಲೆಕ್ಕ ಹಾಕಿರಲ್ಲ. ನಾನು ಎಂಟು ವರ್ಷ ಒಂದು ಫ್ಯಾಕ್ಟರಿಲಿ ರೋಬೋಟ್ ಕೈಗಳ ಮೇಂಟೆನೆನ್ಸ್ ನೋಡ್ಕೊಂಡಿದ್ದೆ, ಕಾಲಿಲ್ಲದ ಹಳೇ ಥರದವು, ನೆಲಕ್ಕೆ ಬೋಲ್ಟ್ ಹಾಕಿ ನಿಲ್ಸಿರೋವು. ಅಲ್ಲಿ ಕಲಿತ ಒಂದೇ ವಿಷಯ ಇಲ್ಲಿ ಹೇಳ್ತೀನಿ: ರೋಬೋಟ್ ಏನೇನು ಮಾಡತ್ತೆ ಅನ್ನೋದಕ್ಕಿಂತ, ಯಾರೂ ಹತ್ರ ಬರದೇ ಇದ್ರೆ ಅದು ಎಷ್ಟು ಹೊತ್ತು ಮಾಡತ್ತೆ ಅನ್ನೋದೇ ದುಡ್ಡಿನ ಪ್ರಶ್ನೆ.

ಒಂದು ಉದಾಹರಣೆ ಕೊಡ್ತೀನಿ. ಟ್ರೇನಲ್ಲಿ ಒಂದು ಪಾರ್ಟ್ ಸ್ವಲ್ಪ ಓರೆಯಾಗಿ ಕೂತಿತ್ತು, ಹೆಚ್ಚೇನಿಲ್ಲ, ಒಂದು ಬೆರಳಿನಷ್ಟು. ರೋಬೋಟ್ ಕೈ ಹೋಯ್ತು, ಹಿಡೀಲಿಕ್ಕೆ ಆಗ್ಲಿಲ್ಲ, ಅಲಾರ್ಮ್ ಹೊಡೀತು, ಕೆಂಪು ಲೈಟ್ ಬಂತು, ಲೈನ್ ನಿಂತು ಹೋಯ್ತು. ಪಕ್ಕದ ಆಪರೇಟರ್ ಗೇಟ್ ತೆಗೆದು ಒಳಗೆ ಹೋಗಿ ಪಾರ್ಟನ್ನ ಕೈಯಲ್ಲಿ ತಟ್ಟಿ ನೆಟ್ಟಗೆ ಮಾಡಿದ್ರು, ಅದಕ್ಕೆ ಹಿಡಿದಿದ್ದು ಎರಡು ಸೆಕೆಂಡ್. ಮತ್ತೆ ಗೇಟ್ ಹಾಕಿ, ರೀಸೆಟ್ ಒತ್ತಿ, ಲೈನ್ ಶುರು ಆಗೋಕೆ ನಾಲ್ಕು ನಿಮಿಷ. ಆ ಎರಡು ಸೆಕೆಂಡಿನ ಕೆಲಸ ಮಾಡೋಕೆ ಒಬ್ಬ ಮನುಷ್ಯ ಅಲ್ಲಿ ದಿನಪೂರ್ತಿ ನಿಂತಿರ್ಬೇಕಿತ್ತು, ಅವ್ರ ಸಂಬಳ ಯಾವ ರೋಬೋಟ್ ಬ್ರೋಚರ್‌ನಲ್ಲೂ ಇರಲ್ಲ.

ಸರಿ, ಮೊದಲು ವಿಡಿಯೋ ನೋಡೋದು ಕಲೀರಿ. ಮೂಲೇಲಿ ಸಣ್ಣಕ್ಷರದಲ್ಲಿ 2 ಪಟ್ಟು, 4 ಪಟ್ಟು ಸ್ಪೀಡ್ ಅಂತ ಬರೆದಿದ್ಯಾ ನೋಡಿ, ಇದ್ರೆ ಕೆಲಸದ ಸಮಯವನ್ನ ಅಷ್ಟರಿಂದ ಗುಣಿಸ್ಕೊಳ್ಳಿ. ಮಧ್ಯೆ ಕಟ್ ಇದ್ಯಾ, ಒಂದೇ ಶಾಟ್‌ನಲ್ಲಿ ಎಷ್ಟು ಸಲ ಅದೇ ಕೆಲಸ ಮಾಡ್ತು, ತಪ್ಪಿದಾಗ ಏನಾಯ್ತು ಅನ್ನೋದು ತೋರ್ಸಿದಾರಾ ನೋಡಿ. ಆಮೇಲೆ ದೊಡ್ಡ ಪ್ರಶ್ನೆ, ಅದನ್ನ ನಡೆಸ್ತಿರೋದು ಯಾರು? 2024ರ ಅಕ್ಟೋಬರ್‌ನಲ್ಲಿ ಟೆಸ್ಲಾ ಕಂಪನಿಯ ಕಾರ್ಯಕ್ರಮದಲ್ಲಿ ಅದರದ್ದೇ ಆಪ್ಟಿಮಸ್ ರೋಬೋಟ್‌ಗಳು ಜನರ ಜೊತೆ ಮಾತಾಡಿದ್ವು, ಡ್ರಿಂಕ್ಸ್ ಕೊಟ್ವು, ಎಲ್ರೂ ಬೆರಗಾದ್ರು, ಆಮೇಲೆ ಗೊತ್ತಾಗಿದ್ದು ಬಹಳಷ್ಟಕ್ಕೆ ದೂರದಿಂದ ಮನುಷ್ಯರ ಸಹಾಯ ಇತ್ತು ಅಂತ. 1ಎಕ್ಸ್ ಕಂಪನಿ 2025ರ ಅಕ್ಟೋಬರ್‌ನಲ್ಲಿ ನಿಯೋ ಅನ್ನೋ ಮನೆಗೆಲಸದ ರೋಬೋಟಿಗೆ 20,000 ಡಾಲರ್‌ಗೆ ಆರ್ಡರ್ ತಗೊಳ್ಳೋಕೆ ಶುರು ಮಾಡ್ತು, ಅದಕ್ಕೆ ಬರದೇ ಇರೋ ಕೆಲಸವನ್ನ ಕಂಪನಿಯವ್ರು ರೋಬೋಟಿಗೆ ಕಾಣೋದನ್ನ ಕಣ್ಮುಂದೆ ತೋರ್ಸೋ ವಿಆರ್ ಹೆಡ್‌ಸೆಟ್ ಹಾಕ್ಕೊಂಡು ದೂರದಿಂದ ಮಾಡಿಕೊಡ್ತಾರೆ, ಅದನ್ನ ಅವ್ರೇ ಮುಚ್ಚಿಡದೆ ಹೇಳಿದಾರೆ. ಹೇಳಿದ್ದು ಒಳ್ಳೇದೇ ಆಯ್ತು. ಯಾಕಂದ್ರೆ ದೂರದಿಂದ ನಡೆಸೋದು ಮೋಸ ಅಂತೇನಲ್ಲ, ಅದೊಂದು ಖರ್ಚು, ನಮ್ಮ ಲೆಕ್ಕದಲ್ಲಿ ಅದೂ ಇರ್ಬೇಕು.

ಓಡೋದು ಕುಣಿಯೋದು ನೋಡಿ ಹೆದರ್ಬೇಡಿ. 2025ರ ಏಪ್ರಿಲ್‌ನಲ್ಲಿ ಬೀಜಿಂಗ್‌ನಲ್ಲಿ ಹಾಫ್ ಮ್ಯಾರಥಾನ್‌ಗೆ 21 ಹ್ಯೂಮನಾಯ್ಡ್‌ಗಳು ನಿಂತಿದ್ವು, ಗೆದ್ದ ಟಿಯಾಂಗಾಂಗ್ ಅನ್ನೋ ರೋಬೋಟ್ 2 ಗಂಟೆ 40 ನಿಮಿಷಕ್ಕೆ ಮುಗಿಸ್ತು, ದಾರೀಲಿ ಮೂರು ಸಲ ಬ್ಯಾಟರಿ ಬದಲಾಯಿಸಿದ್ರು, ಪಕ್ಕದಲ್ಲಿ ಜನ ಓಡ್ತಾನೇ ಇದ್ರು. ಕಾಲಿನ ಸಮಸ್ಯೆ ಬೇಗ ಬೇಗ ಬಗೆಹರೀತಾ ಇದೆ. ಬಗೆಹರೀದೇ ಇರೋದು ಬೆರಳು. ನಿಮ್ಮ ಜೇಬಿನ ಬೀಗದಕೈ ಗೊಂಚಲಿಂದ ಒಂದೇ ಬೀಗದಕೈಯನ್ನ ನೋಡದೇ ಬೇರೆ ಮಾಡಿ ನೋಡಿ. ಹೆಬ್ಬೆರಳು ಒಂದನ್ನ ಜಾರಿಸತ್ತೆ, ತೋರುಬೆರಳು ಹಲ್ಲು ಸವರಿ ಇದೇ ಅಂತ ಗುರುತು ಹಿಡಿಯತ್ತೆ, ಉಳಿದ ಬೆರಳು ಮಿಕ್ಕಿದ್ದನ್ನ ಬೀಳದಂಗೆ ಹಿಡ್ಕೊಂಡಿರತ್ತೆ. ಅಷ್ಟೂ ಸ್ಪರ್ಶದಲ್ಲೇ ನಡೆಯತ್ತೆ, ಕ್ಯಾಮೆರಾಗೆ ಅಲ್ಲಿ ಏನೂ ಕಾಣಲ್ಲ. ಸದ್ಯದ ರೋಬೋಟ್‌ಗಳು ಬಹುತೇಕ ಕಣ್ಣಿಂದ ಕಲೀತಾ ಇವೆ, ಚರ್ಮ ಅನ್ನೋದು ಅವಕ್ಕೆ ಇನ್ನೂ ಸರಿಯಾಗಿ ಬಂದಿಲ್ಲ.

ಹಾಗಂತ ನಿಜವಾದ ಕೆಲಸ ಆಗ್ತಿಲ್ಲ ಅಂತಲ್ಲ. 2024ರಲ್ಲಿ ಅಮೆರಿಕದ ಜಾರ್ಜಿಯಾದ ಒಂದು ವೇರ್‌ಹೌಸ್‌ನಲ್ಲಿ ಅಜಿಲಿಟಿ ಕಂಪನಿಯ ಡಿಜಿಟ್ ಅನ್ನೋ ರೋಬೋಟ್ ಬಾಡಿಗೆ ಲೆಕ್ಕದಲ್ಲಿ ಕೆಲಸಕ್ಕೆ ಸೇರ್ತು, ಪ್ಲಾಸ್ಟಿಕ್ ಡಬ್ಬ ಎತ್ತಿ ಕನ್ವೇಯರ್ ಮೇಲೆ ಇಡೋದು, ಅಷ್ಟೇ ಅದರ ಕೆಲಸ. ಫಿಗರ್ ಕಂಪನಿ ತನ್ನ ರೋಬೋಟನ್ನ ಅಮೆರಿಕದ ಸ್ಪಾರ್ಟನ್‌ಬರ್ಗ್‌ನ ಬಿಎಂಡಬ್ಲ್ಯೂ ಫ್ಯಾಕ್ಟರಿಲಿ ಇಟ್ಟು, ತಗಡಿನ ಪಾರ್ಟ್ ಎತ್ತಿ ವೆಲ್ಡಿಂಗ್ ಮಾಡೋವಾಗ ಅದನ್ನ ಹಿಡಿದಿಡೋ ಚೌಕಟ್ಟಿನ ಮೇಲೆ ಕೂರಿಸೋ ಕೆಲಸ ಮಾಡಿಸ್ತು. 2025ರ ಕೊನೇಲಿ ಅವ್ರೇ ಕೊಟ್ಟ ಲೆಕ್ಕ: 11 ತಿಂಗಳು, 1,250 ಗಂಟೆಗೂ ಹೆಚ್ಚು ಓಟ, 90,000ಕ್ಕೂ ಹೆಚ್ಚು ಪಾರ್ಟ್. ಈ ಥರದ ಸುದ್ದಿ ಬಂದಾಗ ಮಾಡ್ಬೇಕಾಗಿದ್ದು ಇಷ್ಟೇ, ಭಾಗಿಸಿ. 90,000ವನ್ನ 1,250ರಿಂದ ಭಾಗಿಸಿದ್ರೆ ಗಂಟೆಗೆ 72, ಅಂದ್ರೆ ಒಂದು ಪಾರ್ಟಿಗೆ 50 ಸೆಕೆಂಡ್. ಇನ್ನು 1,250 ಗಂಟೆ ಅಂದ್ರೆ ವಾರಕ್ಕೆ 40 ಗಂಟೆ ದುಡಿಯೋ ಮನುಷ್ಯನ ಸುಮಾರು ಏಳು ತಿಂಗಳ ಕೆಲಸ. ಇದು ಸಣ್ಣದಲ್ಲ, ನಿಜವಾಗ್ಲೂ ಮೆಚ್ಚೋ ವಿಷಯ, ಆದ್ರೆ ಇದು ಒಂದು ಜಾಗದಲ್ಲಿ ಒಂದು ಕೆಲಸ.

ಈಗ ಮುಖ್ಯ ಲೆಕ್ಕ. ಒಂದು ಹಾಳೆ ತಗೊಳ್ಳಿ. ಈ ಅಂಕಿಗಳು ನಾನು ಉದಾಹರಣೆಗೆ ಇಟ್ಕೊಂಡಿದ್ದು, ನಿಮ್ಮ ಜಾಗದ ಅಂಕಿ ಹಾಕ್ಕೊಂಡು ಮಾಡಿ. ರೋಬೋಟ್ ಬೆಲೆ 1,00,000 ಡಾಲರ್, ಬಾಳಿಕೆ 3 ವರ್ಷ, ದಿನಕ್ಕೆ 16 ಗಂಟೆ, ವರ್ಷಕ್ಕೆ 300 ದಿನ. ಒಟ್ಟು 14,400 ಗಂಟೆ, ಗಂಟೆಗೆ ಸುಮಾರು 7 ಡಾಲರ್ ಬಿತ್ತು. ಮಾರೋಕೆ ಬಂದವ್ರು ಇಲ್ಲಿಗೆ ಪೆನ್ ಕೆಳಗಿಡ್ತಾರೆ, ನೀವು ಇಡಬೇಡಿ.

ಜಾಗ ಸಿದ್ಧ ಮಾಡಿ ಸಾಫ್ಟ್‌ವೇರ್ ಜೋಡಿಸೋಕೆ 40,000 ಸೇರ್ಸಿ, ರಿಪೇರಿ ಸರ್ವಿಸ್ ವರ್ಷಕ್ಕೆ 20,000 ಅಂದ್ರೆ ಮೂರು ವರ್ಷಕ್ಕೆ 60,000. ಐದು ರೋಬೋಟಿಗೆ ಒಬ್ರು ನೋಡ್ಕೊಳ್ಳೋರು ಬೇಕು, ಅವ್ರಿಗೆ ಗಂಟೆಗೆ 25 ಡಾಲರ್ ಅಂದ್ರೆ ಒಂದು ರೋಬೋಟಿನ ಪಾಲಿಗೆ 5, ಮೂರು ವರ್ಷಕ್ಕೆ 72,000. ರೋಬೋಟ್ ಬೆಲೆ ಸೇರಿ ಒಟ್ಟು 2,72,000 ಆಯ್ತು. ಚಾರ್ಜಿಂಗ್, ನಿಂತು ಹೋಗೋದು ಎಲ್ಲ ಕಳೆದು 80 ಪರ್ಸೆಂಟ್ ಹೊತ್ತು ಓಡತ್ತೆ ಅಂದ್ಕೊಂಡ್ರೆ 11,520 ಗಂಟೆ, ಗಂಟೆಗೆ 23.6 ಡಾಲರ್. ಇನ್ನೂ ಮುಗೀಲಿಲ್ಲ, ಅದು ಮನುಷ್ಯನ 60 ಪರ್ಸೆಂಟ್ ಸ್ಪೀಡಲ್ಲಿ ಕೆಲಸ ಮಾಡಿದ್ರೆ, ಮನುಷ್ಯನ ಒಂದು ಗಂಟೆಯ ಕೆಲಸಕ್ಕೆ ಬೀಳೋದು 39 ಡಾಲರ್. ಏಳು ಎಲ್ಲಿ, ಮೂವತ್ತೊಂಬತ್ತು ಎಲ್ಲಿ.

ಈಗ ಒಂದೊಂದೇ ಅಂಕಿ ಅಲ್ಲಾಡ್ಸಿ ನೋಡಿ, ನನಗೆ ಕಣ್ಣು ತೆರೆಸಿದ್ದು ಇದೇ. ರೋಬೋಟ್ ಬೆಲೆ ಅರ್ಧ ಆಯ್ತು ಅಂತಿಟ್ಕೊಳ್ಳಿ, 39 ಇದ್ದಿದ್ದು 32ಕ್ಕೆ ಇಳೀತು, ಅಷ್ಟೇ. ಬೆಲೆ ಅಷ್ಟೇ ಇದ್ದು ಸ್ಪೀಡ್ 60ರಿಂದ 90ಕ್ಕೆ ಏರಿದ್ರೆ 26ಕ್ಕೆ ಇಳಿಯತ್ತೆ. ಅದ್ರ ಜೊತೆಗೆ ಐದರ ಬದ್ಲು ಇಪ್ಪತ್ತು ರೋಬೋಟನ್ನ ಒಬ್ರೇ ನೋಡ್ಕೊಂಡ್ರೆ 21. ಅದಕ್ಕೇ ಹೇಳೋದು, ಚೀನಾದ ಯುನಿಟ್ರೀ ಕಂಪನಿ 2025ರಲ್ಲಿ 5,900 ಡಾಲರ್‌ಗೆ ಹ್ಯೂಮನಾಯ್ಡ್ ಬಿಟ್ಟಾಗ ಎಲ್ರ ಕಥೆ ಮುಗೀತು ಅಂತ ಗಾಬರಿ ಬೀಳೋದು ಬೇಡ, ಆ ಬೆಲೆಯವು ಪ್ರಯೋಗಕ್ಕೆ, ಕಲಿಕೆಗೆ, ಪ್ರದರ್ಶನಕ್ಕೆ. ಆದ್ರೆ ಯಾವುದೋ ಕಂಪನಿ ಒಂದು ಪೂರ್ತಿ ಶಿಫ್ಟ್ ಮನುಷ್ಯರ ಕೈ ಸೋಕದೆ ಮುಗಿಸಿದ್ವಿ, ವಾರಗಟ್ಟಲೆ ಹಂಗೇ ನಡೀತು ಅಂತ ಲೆಕ್ಕ ಸಮೇತ ತೋರ್ಸಿದ್ರೆ, ಆವಾಗ ನೆಟ್ಟಗೆ ಕೂತ್ಕೊಂಡು ಓದಿ. ಬೆಲೆ ಇಳಿದ ಸುದ್ದಿಗಿಂತ ಅದು ಹತ್ತು ಪಟ್ಟು ದೊಡ್ಡ ಸುದ್ದಿ.

ಇನ್ನೊಂದು ಪ್ರಶ್ನೆ ಮರೀಬೇಡಿ, ಇಲ್ಲಿ ಕಾಲು ಯಾಕೆ ಬೇಕು? ಮೆಟ್ಟಿಲು, ಬಾಗಿಲು, ಟೂಲ್ ಎಲ್ಲ ಮನುಷ್ಯರ ಅಳತೆಗೆ ಮಾಡಿರೋದ್ರಿಂದ ಮನುಷ್ಯರ ಆಕಾರದ ಮೆಷಿನ್ ಆದ್ರೆ ಜಾಗ ಬದಲಾಯಿಸೋದು ಬೇಡ ಅನ್ನೋದು ವಾದ, ಸರಿಯಾದ ವಾದವೇ. ಆದ್ರೆ ನೆಲ ಸಮ ಇದ್ರೆ ಚಕ್ರ ಸಾಕು, ಅಗ್ಗ, ಬೀಳೋದೂ ಇಲ್ಲ. 2024ರಲ್ಲಿ ಪ್ರಪಂಚದಲ್ಲಿ 5.4 ಲಕ್ಷದಷ್ಟು ಹೊಸ ಕೈಗಾರಿಕಾ ರೋಬೋಟ್‌ಗಳು ಕೆಲಸಕ್ಕೆ ಸೇರಿವೆ, ಬಹುತೇಕ ಎಲ್ಲವೂ ಕಾಲಿಲ್ಲದವು. ನಿಮ್ಮ ಕೆಲಸ ಹೋಗೋದಿದ್ರೆ ಮನುಷ್ಯನ ಮುಖ ಇರೋ ರೋಬೋಟಿಂದಲೇ ಹೋಗ್ಬೇಕು ಅಂತೇನಿಲ್ಲ, ಆ ಕಡೇನೂ ಒಂದು ಕಣ್ಣಿರ್ಲಿ.

ನಿಮ್ಮ ಸ್ವಂತ ಕೆಲಸಕ್ಕೆ ಈಗ ಬನ್ನಿ. ಹುದ್ದೆ ಹೆಸರು ಬರೀಬೇಡಿ, ಒಂದು ವಾರ ನೀವು ಕೈಯಾರೆ ಏನೇನು ಮಾಡ್ತೀರೋ ಅದನ್ನ ಬರೀರಿ, ಸಣ್ಣ ಸಣ್ಣದನ್ನೂ. ಪ್ರತಿಯೊಂದರ ಎದುರು ಎರಡು ವಿಷಯ ಬರೀರಿ, ವಸ್ತು ಪ್ರತಿ ಸಲ ಒಂದೇ ಥರ ಒಂದೇ ಜಾಗದಲ್ಲಿ ಇರತ್ತಾ, ಮತ್ತೆ ತಪ್ಪಾದ್ರೆ ಎಷ್ಟು ನಷ್ಟ. ಒಂದೇ ಥರ ಇದ್ದು ತಪ್ಪಾದ್ರೂ ನಷ್ಟ ಕಡಿಮೆ ಇರೋ ಕೆಲಸ, ಡಬ್ಬ ಎತ್ತಿ ಇಡೋದು, ಪಾರ್ಟ್ ಜೋಡಿಸಿಡೋದು, ಇವೆಲ್ಲ ಮೊದಲ ಗುಂಪು, ಮೊದಲು ಹೋಗ್ತವೆ. ಎರಡನೇ ಗುಂಪಿಗೆ ಹಾಸಿಗೆ ಹಿಡಿದ ವಯಸ್ಸಾದವ್ರನ್ನ ಮಗ್ಗುಲು ಬದಲಾಯಿಸೋ ಕೆಲಸ ನೋಡಿ, ಪ್ರತಿ ಸಲ ಬೇರೆ, ನೋವಿನ ಮುಖ ನೋಡಿ ಹಿಡಿತ ಸಡಿಲ ಮಾಡ್ಬೇಕು, ತಪ್ಪಿದ್ರೆ ಮೂಳೆ ಮುರಿಯತ್ತೆ. ಅದು ಸುಲಭಕ್ಕೆ ಹೋಗಲ್ಲ, ಅದಕ್ಕೆ ಸಂಬಳ ಕಡಿಮೆ ಇದೆ ಅನ್ನೋದು ನನಗೆ ಯಾವಾಗ್ಲೂ ನೋವಿನ ವಿಷಯ, ಮೆಷಿನ್ನಿಗೆ ಇಷ್ಟು ಕಷ್ಟ ಆಗೋದನ್ನ ನಾವು ಕೌಶಲ ಅಂತಾನೇ ಲೆಕ್ಕಕ್ಕೆ ತಗೊಂಡಿಲ್ಲ. ಪಟ್ಟಿ ಆದ್ಮೇಲೆ ನಿಮ್ಮ ವಾರದ ಎಷ್ಟು ಗಂಟೆ ಮೊದಲ ಗುಂಪಲ್ಲಿದೆ ಕೂಡ್ಸಿ ನೋಡಿ. ಮುಕ್ಕಾಲು ಭಾಗ ಅಲ್ಲೇ ಇದ್ರೆ ಈಗಿಂದಲೇ ಎರಡನೇ ಗುಂಪಿನ ಕೆಲಸ, ಇಲ್ಲಾಂದ್ರೆ ಮೆಷಿನ್ ನಿಂತಾಗ ಸರಿ ಮಾಡೋ ಕೆಲಸ ಕಲಿಯೋಕೆ ಕೇಳಿ.

ಹೊಸ ಕೆಲಸ ಹುಟ್ಟತ್ತೆ ಬಿಡಿ ಅಂತ ಸುಮ್ನೆ ಹೇಳೋರ ಮಾತಿಗೆ ಪೂರ್ತಿ ತಲೆದೂಗ್ಬೇಡಿ. ಅರ್ಥಶಾಸ್ತ್ರಜ್ಞರಾದ ಆಸೆಮೋಗ್ಲು ಮತ್ತು ರೆಸ್ಟ್ರೆಪೊ 2020ರಲ್ಲಿ ಪ್ರಕಟ ಮಾಡಿದ ಅಧ್ಯಯನದಲ್ಲಿ, ಅಮೆರಿಕದಲ್ಲಿ ಸಾವಿರ ಕೆಲಸಗಾರರಿಗೆ ಒಂದು ಕೈಗಾರಿಕಾ ರೋಬೋಟ್ ಹೆಚ್ಚಾದ್ರೆ ಸಂಬಳ 0.42 ಪರ್ಸೆಂಟ್ ಇಳೀತು, ದುಡಿಯೋರ ಪ್ರಮಾಣವೂ 0.2 ಪರ್ಸೆಂಟೇಜ್ ಪಾಯಿಂಟ್ ಇಳೀತು ಅಂತ ಕಂಡುಬಂತು. ಹೊಸ ಕೆಲಸ ಹುಟ್ಟೋದು ನಿಜ ಆದ್ರೂ ಅದು ಅದೇ ಊರಲ್ಲಿ ಅದೇ ಮನುಷ್ಯನಿಗೆ ಹುಟ್ಟತ್ತೆ ಅಂತ ಗ್ಯಾರಂಟಿ ಇಲ್ಲ. ಅದೇ ಥರ ಹೋದ ಕೆಲಸ ವಾಪಸ್ ಬಂದ ಉದಾಹರಣೆನೂ ಇದೆ, ಜಪಾನಿನ ಹೆನ್ ನಾ ಹೋಟೆಲ್ 2015ರಲ್ಲಿ ರೋಬೋಟ್ ಸಿಬ್ಬಂದಿ ಇಟ್ಕೊಂಡು ಶುರು ಆಗಿ 2019ರ ಹೊತ್ತಿಗೆ 243 ರೋಬೋಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನ ತೆಗೆದು ಹಾಕ್ತು, ಅವುಗಳಿಂದ ಸಿಬ್ಬಂದಿಗೆ ಕೆಲಸ ಕಡಿಮೆ ಆಗೋ ಬದ್ಲು ಹೆಚ್ಚಾಗಿತ್ತು.

ದುಡ್ಡು ಹಾಕೋ ಯೋಚನೆ ಇರೋರಿಗೆ ಚುಟುಕಾಗಿ. ಮುಂದಿನ ಅಂದಾಜುಗಳು ಎಷ್ಟು ಹಿಗ್ಗತ್ವೆ ನೋಡಿ, ಅಮೆರಿಕದ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್ 2024ರಲ್ಲಿ 2035ಕ್ಕೆ 38 ಬಿಲಿಯನ್ ಡಾಲರ್ ಹ್ಯೂಮನಾಯ್ಡ್ ಮಾರ್ಕೆಟ್ ಅಂತು, ಅದಕ್ಕೆ ಮುಂಚೆ ಅವ್ರೇ ಹೇಳಿದ್ದು 6 ಬಿಲಿಯನ್. ಇನ್ನೊಂದು ಬ್ಯಾಂಕ್ ಮಾರ್ಗನ್ ಸ್ಟಾನ್ಲಿ 2025ರಲ್ಲಿ 2050ಕ್ಕೆ 5 ಟ್ರಿಲಿಯನ್ ಅಂತು. ಇನ್ನೊಂದು ಕಡೆ ಚೀನಾದ ಯೋಜನಾ ಆಯೋಗವೇ 2025ರ ನವೆಂಬರ್‌ನಲ್ಲಿ, ನಮ್ಮಲ್ಲಿ 150ಕ್ಕೂ ಹೆಚ್ಚು ಹ್ಯೂಮನಾಯ್ಡ್ ಕಂಪನಿ ಇವೆ, ದುಡ್ಡು ಸುರಿದು ಉಬ್ಬಿ ಆಮೇಲೆ ಒಡೆಯೋ ಗುಳ್ಳೆ ಆಗ್ಬಹುದು ಹುಷಾರು ಅಂತ ಎಚ್ಚರಿಸಿದೆ. ಪೆಪ್ಪರ್, ನಾವೋ ರೋಬೋಟ್ ಮಾಡಿದ ಅಲ್ಡೆಬರಾನ್ ಅದೇ ವರ್ಷ ದಿವಾಳಿ ಆಯ್ತು. ಯಾವ ಬ್ರ್ಯಾಂಡ್ ಗೆಲ್ಲತ್ತೆ ಅಂತ ಊಹೆ ಮಾಡೋದಕ್ಕಿಂತ, ಎಲ್ಲ ಬ್ರ್ಯಾಂಡಿಗೂ ಬೇಕಾಗೋದು ಏನು ನೋಡಿ: ಕೀಲಿನ ಮೋಟರ್, ವೇಗ ಇಳಿಸಿ ಬಲ ಹೆಚ್ಚಿಸೋ ಗೇರ್ ರಿಡ್ಯೂಸರ್, ತಿರುಗೋದನ್ನ ನೇರ ಚಲನೆ ಮಾಡೋ ರೋಲರ್ ಸ್ಕ್ರೂ, ಮೋಟರ್ ಒಳಗಿನ ನಿಯೋಡೈಮಿಯಮ್ ಮ್ಯಾಗ್ನೆಟ್. 2025ರ ಏಪ್ರಿಲ್‌ನಲ್ಲಿ ಚೀನಾ ಕೆಲವು ಅಪರೂಪದ ಲೋಹ ಮತ್ತೆ ಮ್ಯಾಗ್ನೆಟ್ ರಫ್ತಿಗೆ ಲೈಸೆನ್ಸ್ ಬೇಕು ಅಂದಾಗ ಆಪ್ಟಿಮಸ್ ಕೆಲಸಕ್ಕೇ ತೊಂದ್ರೆ ಆಯ್ತು ಅಂತ ಟೆಸ್ಲಾದ ಎಲಾನ್ ಮಸ್ಕ್ ಹೇಳಿದ್ರು.

ಕೊನೇದಾಗಿ, ನಿಮ್ಮ ಜಾಗಕ್ಕೇ ಟ್ರಯಲ್ ರೋಬೋಟ್ ಬಂತು ಅಂದ್ರೆ. ಬೋಲ್ಟ್ ಹಾಕಿರೋ ರೋಬೋಟಿಗೆ ಕೆಂಪು ಬಟನ್ ಒತ್ತಿದ್ರೆ ಪವರ್ ಹೋಗಿ ಅಲ್ಲೇ ನಿಲ್ಲತ್ತೆ. ಎರಡು ಕಾಲಲ್ಲಿ ನಿಂತಿರೋದಕ್ಕೆ ಪವರ್ ತೆಗೆದ್ರೆ ಅದು ಬೀಳತ್ತೆ, ಬ್ಯಾಲೆನ್ಸ್ ಮಾಡ್ತಿದ್ದಿದ್ದೇ ಆ ಪವರ್, ಐವತ್ತು ಅರವತ್ತು ಕೆಜಿ ನಿಮ್ಮ ಕಡೆಗೇ ಬೀಳ್ಬಹುದು. ಈ ಥರದ ಮೆಷಿನ್‌ಗೆ ಅಂತಾನೇ ಐಎಸ್ಒ 25785-1 ಅನ್ನೋ ಅಂತಾರಾಷ್ಟ್ರೀಯ ಸುರಕ್ಷತಾ ಮಾನದಂಡ ತಯಾರಿ ಆಗ್ತಾ ಇದೆ. ಹಾಗಾಗಿ ಮೊದಲ ದಿನವೇ ಕೇಳಿ, ಬಟನ್ ಒತ್ತಿದ್ರೆ ಅದು ಯಾವ ಕಡೆ ಬೀಳತ್ತೆ, ಎಷ್ಟು ದೂರ ನಿಲ್ಬೇಕು, ಬಿದ್ದಾಗ ಎತ್ತೋರು ಯಾರು ಅಂತ.

ಎರಡನೇದು, ಅದಕ್ಕೆ ಕಲಿಸೋಕೆ ಅಂತ ನಿಮ್ಮ ಹಣೆಗೆ ಕ್ಯಾಮೆರಾ ಕಟ್ಟಿ, ಕೈಗೆ ಗ್ಲೌಸ್ ಹಾಕಿ ಮಾಮೂಲಿ ಕೆಲಸ ಮಾಡಿ ಅಂತ ಕೇಳ್ಬಹುದು. ಮಾಡೋದು ಬಿಡೋದು ನಿಮಗೆ ಬಿಟ್ಟಿದ್ದು, ಆದ್ರೆ ಆ ರೆಕಾರ್ಡಿಂಗ್ ನಿಮ್ಮ ಹದಿನೈದು ಇಪ್ಪತ್ತು ವರ್ಷದ ಕೈಚಳಕ, ಅದಕ್ಕೆ ಬೆಲೆ ಇದೆ. ಅದು ಯಾರ ಸ್ವತ್ತಾಗತ್ತೆ, ಬೇರೆ ಕಡೆ ಮಾರ್ತಾರಾ, ಅದಕ್ಕೆ ಬೇರೆ ಸಂಬಳ ಎಷ್ಟು ಅನ್ನೋದನ್ನ ಬಾಯಿಮಾತಲ್ಲಿ ಬಿಡದೆ ಬರವಣಿಗೇಲಿ ತಗೊಳ್ಳಿ. ಆಮೇಲೆ ಟ್ರಯಲ್ ನಡೀವಾಗ ನಿಮ್ಮದೇ ಒಂದು ಪುಸ್ತಕ ಇಡಿ, ದಿನಕ್ಕೆ ಎಷ್ಟು ಸಲ ನಿಂತುಹೋಯ್ತು, ಯಾರು ಹೋಗಿ ಸರಿ ಮಾಡಿದ್ರು, ಎಷ್ಟು ನಿಮಿಷ ಹಿಡೀತು. ಒಂದು ತಿಂಗಳಾದ್ಮೇಲೆ ಮೀಟಿಂಗ್‌ನಲ್ಲಿ ಗಂಟೆಗೆ 7 ಡಾಲರ್ ಅಂತ ಸ್ಲೈಡ್ ಬಂದಾಗ ಆ ಪುಸ್ತಕ ಟೇಬಲ್ ಮೇಲಿಡಿ.