ಎಕ್ಸ್‌ರೇ ಅಳತೆ ತಪ್ಪನ್ನು ತೆಂಗಿನಕಾಯಿ ಹಿಡಿದುಕೊಟ್ಟಿತು

ಬದಿಯಡ್ಕದ ಹತ್ತಿರ ನಾನು ಪ್ರಾಣಿಗಳ ಡಾಕ್ಟರು. ಒಂದು ನಾಯಿಯ ಎದೆಗೂಡಿನ ಅಳತೆ ಎಕ್ಸ್‌ರೇಯಲ್ಲಿ ಒಂದು ವಾರ ಜಾಸ್ತಿ, ಮುಂದಿನ ವಾರ ಕಮ್ಮಿ ಬರುತ್ತಿತ್ತು. ನಾಯಿ ಮಾತ್ರ ಇದ್ದ ಹಾಗೇ ಇತ್ತು.

ಚಿತ್ರ ಎಷ್ಟು ದೊಡ್ಡದಾಗಿ ಬಂದಿದೆ ಎಂದು ತಿಳಿಯಲು ಅಳತೆಗೋಲಾಗಿ 25 ಮಿ.ಮೀ. ಬೇರಿಂಗ್ ಗುಂಡು ಇಡುತ್ತಿದ್ದೆ, ಗ್ಯಾರೇಜಿನಿಂದ ತಂದದ್ದು. ಒಮ್ಮೆ ಪ್ಲೇಟಿನ ಮೇಲೆ, ಒಮ್ಮೆ ನಾಯಿಯ ಬೆನ್ನ ಹತ್ತಿರ, ಕೈಗೆ ಸಿಕ್ಕಿದಲ್ಲಿ.

ಗುಂಡಿನ ಎತ್ತರ ಬದಲಾಗುವುದೇ ತಪ್ಪಿಗೆ ಕಾರಣವೇನೋ ಎಂದು ಅನುಮಾನ ಬಂದು ಒಂದು ಸುಲಿದ ತೆಂಗಿನಕಾಯಿ ತಂದೆ. ನಮ್ಮೂರಲ್ಲಿ ಅದಕ್ಕೇನು ಬರವೇ! ಕಣ್ಣು ತೂತು ಮಾಡಿ ನೀರು ಬಸಿದೆ. ಒಳಗೆ ಗಾಳಿ ಇದ್ದರೆ ಪೊಳ್ಳು ಕಪ್ಪಾಗಿ, ಅಂಚು ಸ್ಪಷ್ಟವಾಗಿ ಕಾಣುತ್ತದೆ. ಥರ್ಮಾಕೋಲ್ ಮೇಲೆ ಇಟ್ಟು, ಅದರ ನಡು ನಾಯಿಯ ಎದೆಯ ನಡುವಿನಷ್ಟೇ ಎತ್ತರಕ್ಕೆ, ಅಂದರೆ ಪ್ಲೇಟಿನಿಂದ 9 ಸೆಂ.ಮೀ. ಮೇಲೆ ಬರುವಂತೆ ಮಾಡಿದೆ. ಎಕ್ಸ್‌ರೇ ಹೊರಡುವ ಟ್ಯೂಬ್ ಪ್ಲೇಟಿನಿಂದ 100 ಸೆಂ.ಮೀ. ದೂರ, ಅಂದರೆ ಕಾಯಿಯ ನಡುವಿನಿಂದ 91. ಲೆಕ್ಕ ಸರಳ: 100ನ್ನು 91ರಿಂದ ಭಾಗಿಸಿದರೆ 1.1. ಎಲ್ಲವೂ ಹತ್ತರಲ್ಲಿ ಒಂದು ಪಾಲು ದೊಡ್ಡದಾಗಿ ಕಾಣಬೇಕು.

ಚಿತ್ರದಲ್ಲಿ ಪೊಳ್ಳು 82 ಮಿ.ಮೀ. ಬಂತು. ಅದೇ ಎತ್ತರದಲ್ಲಿಟ್ಟ ಗುಂಡು 27.5. ಅಂದರೆ 25ರ 1.1 ಪಟ್ಟು. 82ನ್ನು 1.1ರಿಂದ ಭಾಗಿಸಿದರೆ 74.5. ಕಾಯಿ ಒಡೆದು ಅಳೆದೆ: 75. ಸಾಕಲ್ವಾ!

ಇಷ್ಟಾದರೂ ನಾಯಿಯ ಅಳತೆ ಸ್ವಲ್ಪ ಓಲಾಡಿತು. ಅದು ಉಸಿರಿನ ತಂಟೆ. ಉಸಿರು ಎಳೆದಾಗ ವಪೆ, ಅಂದರೆ ಎದೆ-ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ, ಹಿಂದೆ ಸರಿದು ಎದೆಗೂಡು ಹಿಗ್ಗುತ್ತದೆ. ಈಗ ಪೂರ್ತಿ ಉಸಿರೆಳೆದಾಗಲೇ, ಯಾವಾಗಲೂ ಬಲಮಗ್ಗುಲಿಗೆ ಮಲಗಿಸಿಯೇ ತೆಗೆಯುತ್ತೇನೆ. ಒಂದೇ ಚಿತ್ರವನ್ನು ನಾನು ಮತ್ತು ಸಹಾಯಕ ಬೇರೆ ಬೇರೆ ಅಳೆದು, ಆಮೇಲೆ ತಾಳೆ ನೋಡುತ್ತೇವೆ. "ಡಾಕ್ಟ್ರೇ, ನಿಮ್ಮದೇ 2 ಮಿ.ಮೀ. ಜಾಸ್ತಿ" ಎಂದು ಅವನು ಆಗಾಗ ನಗುತ್ತಾನೆ.

ಒಡೆದ ಕಾಯಿ ಅವತ್ತೇ ಚಟ್ನಿಯಾಯಿತು.